ಕೌದಿಯೊಳಗಿನ ಹಸಿರು ಬನಿಯನ್

...ಅಥವಾ ಕೋಲಿನಿಂದ ಎತ್ತಿರಲಿಕ್ಕಿಲ್ಲ, ಕೈಯಿಂದಲೇ ಎತ್ತಿದ್ದನೇನೋ. ಆದರೆ ನನ್ನ ನೆನಪಿನಲ್ಲಿ ಮನೆ ಮಾಲೀಕ ಮುನಿಯಪ್ಪ ನಮ್ಮ ಕೌದಿಯನ್ನು ಕೋಲಿನ ತುದಿಯಲ್ಲೇ ಎತ್ತಿ ಹಿಡಿದು, "ಇದು ನಾಯಿಗಾ?" ಎಂದು ಕೇಳುತ್ತಾನೆ. ಗದಗಿನಿಂದ ಬಂದು ಬೆಂಗಳೂರಿನ ಜಯನಗರದ ಬಾಡಿಗೆ ಮನೆಯಲ್ಲಿ ಟ್ರಂಕು ಇಳಿಸಿದ ಮೊದಲ ದಿನ ಅದು. ಸಿಟ್ಟು ಆ ನೆನಪನ್ನು ಎಷ್ಟು ತಿದ್ದಿದೆಯೋ ನನಗೆ ತಿಳಿಯದು.

ಕೌದಿ ಎಂದರೇನೆಂದು ಊರಿನವರಾದ ನಿಮಗೆ ಹೇಳಬೇಕಾಗಿಲ್ಲ. ಇಲ್ಲಿ ಹೇಳಬೇಕಾಯಿತು: ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಅಂಚಿನಿಂದ ನಡುವಿನವರೆಗೆ ಸುತ್ತುತ್ತ ಹೊಲಿಯುವ ಹೊದಿಕೆ. ಒಂದೇ ರಾಜ್ಯ, ಒಂದೇ ಭಾಷೆ ಎಂದು ಭಾಷಣ ಮಾಡಿದವರು ಯಾರೂ ನನ್ನ ಜೊತೆ ಅಂಗಡಿಗೆ ಬರಲಿಲ್ಲ. ಉಳ್ಳಾಗಡ್ಡಿ ಕೇಳಿದರೆ ಅಂಗಡಿಯವನು ನಕ್ಕು, ಈರುಳ್ಳಿ ಎನ್ನಿಸಿಯೇ ತೂಗುತ್ತಿದ್ದ. ರೊಟ್ಟಿ ಬಡಿದರೆ ಪಕ್ಕದ ಮನೆಯವರು ಬಂದು, ಏನು ರಿಪೇರಿ ನಡೆದಿದೆ ಎಂದು ವಿಚಾರಿಸುತ್ತಿದ್ದರು. ನಮ್ಮಲ್ಲಿ ಓಣಿಗೆ ಹೆಸರಿರುತ್ತದೆ. ಇಲ್ಲಿ ಬ್ಲಾಕಿಗೂ ಕ್ರಾಸಿಗೂ ಬರೀ ನಂಬರು. ನನಗೂ ಒಂದು ಹೆಸರಿಟ್ಟರು, ಹುಬ್ಬಳ್ಳಿಯಮ್ಮ. ಗದಗು ಎಂದು ತಿದ್ದಿದರೆ, ಎರಡೂ ಒಂದೇ ಅಲ್ಲವೇ ಎನ್ನುತ್ತಿದ್ದರು.

ಎರಡನೇ ವರ್ಷ ಮುನಿಯಪ್ಪನ ಹೆಂಡತಿ ಪುಟ್ಟಮ್ಮ ಮಡಿಲಲ್ಲಿ ಏನೋ ಬಚ್ಚಿಟ್ಟುಕೊಂಡು ಹಿತ್ತಲ ಬಾಗಿಲಿಗೆ ಬಂದಳು. ಪಕ್ಕದ ಸಾರಕ್ಕಿ ಹಳ್ಳಿಯಲ್ಲಿದ್ದ ಹೊಲ ಬಡಾವಣೆಗೆ ಹೋದ ಮೇಲೆ ಇಲ್ಲಿ ಮನೆ ಕಟ್ಟಿಸಿಕೊಂಡವರು ಅವರು. ಹಿಂದಿನ ವರ್ಷ ಅವರ ಕಿರಿಯ ಮಗ ಜ್ವರದಲ್ಲಿ ತೀರಿಕೊಂಡಿದ್ದ. ಸತ್ತವನ ಬಟ್ಟೆ ಮನೆಯಲ್ಲಿದ್ದರೆ ಇನ್ನೊಬ್ಬರನ್ನು ಕರೆಯುತ್ತದೆ ಎಂದು ಮುನಿಯಪ್ಪ ಎಲ್ಲವನ್ನೂ ಸುಡಿಸಿದ್ದ. ಉಳಿದದ್ದು ಒಂದೇ, ಹುಡುಗ ಕಬಡ್ಡಿಗೆ ಹಾಕಿಕೊಳ್ಳುತ್ತಿದ್ದ ಹಸಿರು ಬನಿಯನ್. ಎರವಲು ಪಡೆದಿದ್ದ ಗೆಳೆಯನೊಬ್ಬ ತಡವಾಗಿ ತಂದುಕೊಟ್ಟಿದ್ದ.

"ನಮಗೂ ಒಂದು ಕೌದಿ ಮಾಡಿ, ಇದನ್ನ ಒಳಗಿಟ್ಟು ಹೊಲಿ ತಾಯಿ. ಮೇಲೆ ಕಾಣಬಾರ್ದು. ನಮ್ಮ ಯಜಮಾನ್ರೂ ಅದನ್ನೇ ಹೊದ್ಕೊಳ್ಳಲಿ, ಗೊತ್ತಾಗೋದು ಬೇಡ," ಎಂದಳು.

ಬನಿಯನ್ ಬಟ್ಟೆ ಸೀರೆಯ ಹಾಗಲ್ಲ. ಎಳೆದರೆ ಹಿಗ್ಗುತ್ತದೆ, ಹೊಲಿಗೆ ಹಾಕಿದರೆ ಸುಕ್ಕುಗಟ್ಟುತ್ತದೆ. ಅದೊಂದೇ ಇದ್ದರೆ ಕೈಗೆ ಬೇರೆಯಾಗಿ ಸಿಗುತ್ತದೆಂದು ಮುನಿಯಪ್ಪನದೇ ನಾಲ್ಕು ಹಳೇ ಬನಿಯನ್ ತರಿಸಿಕೊಂಡೆ. ಸೀರೆ ಹಾಸಿ, ಅದರ ಮೇಲೆ ಐದನ್ನೂ ಹರಡುತ್ತಿದ್ದಾಗ ಮುಂಬಾಗಿಲಲ್ಲಿ ಅವನ ಕೆಮ್ಮು ಕೇಳಿಸಿತು. ಹಸಿರನ್ನು ಎಳೆದು ಯಾವುದರದೋ ಕೆಳಗೆ ತುರುಕಿ, ಮೇಲೆ ಮತ್ತೊಂದು ಸೀರೆ ಎಸೆದು, ಇಡೀ ಹಾಸನ್ನು ಗೋಡೆಯ ಕಡೆಗೆ ತಿರುಗಿಸಿದೆ. ಅವನು ಒಳಗೆ ಬಂದು ನಿಂತ.

"ನಿಜ ಹೇಳಮ್ಮ. ನಮ್ಮ ಹುಡುಗನದು ಏನಾದ್ರೂ ಇದ್ರಲ್ಲಿ ಸೇರ್ಸಿದ್ದೀಯಾ? ಇದ್ರೆ ಈಗ್ಲೇ ಸುಡ್ತೀನಿ. ನೀವೂ ಬೇರೆ ಮನೆ ನೋಡ್ಕೊಳ್ಳಿ."

"ಇಲ್ರೀ. ಬರೇ ಹಳೇ ಸೀರಿ ಅದಾವ, ನಿಮ್ಮ ಬನಿಯನ್ ಅದಾವ."

ಅವನು ಬಗ್ಗಿ ಸೀರೆಯ ಮೇಲೆ ಅಂಗೈ ಆಡಿಸಿದ. ಬಹಳ ಹೊತ್ತು ಆಡಿಸಿದ. ಆಮೇಲೆ ಎದ್ದು ಹೋದ. ಮಗನನ್ನು ಹುಡುಕುತ್ತಿದ್ದನೋ, ಬಟ್ಟೆಯನ್ನು ಹುಡುಕುತ್ತಿದ್ದನೋ? ಅವನ ಮೇಲೆ ಕರುಣೆ ತೋರಿಸಲು ಆ ದಿನ ನನ್ನಲ್ಲಿ ಜಾಗವಿರಲಿಲ್ಲ. ಈಗಲೂ ಹೆಚ್ಚಿಲ್ಲ. ಹೆತ್ತವಳು ಮಗನ ಒಂದು ಬನಿಯನ್ನನ್ನು ಕಳ್ಳಮಾಲಿನಂತೆ ಸಾಗಿಸಬೇಕಾಯಿತಲ್ಲ, ಆ ಸಿಟ್ಟು ನನಗಿನ್ನೂ ಇಳಿದಿಲ್ಲ.

ಮೇಲಿನ ಸೀರೆ ಸರಿಸಿ ಮತ್ತೆ ನೋಡಲು ಧೈರ್ಯ ಸಾಲಲಿಲ್ಲ. ಹಾಗೆಯೇ ಹೊಲಿದು ಮುಗಿಸಿದೆ. ಕೊಟ್ಟ ದಿನ ಪುಟ್ಟಮ್ಮ ಕೌದಿಯನ್ನು ತೊಡೆಯ ಮೇಲೆ ಹರಡಿಕೊಂಡು, ಯಾವ ಕಡೆ ಇದೆ ಹೇಳು, ಆ ಕಡೆ ಕೆನ್ನೆ ಇಟ್ಕೊಂಡು ಮಲಗ್ತೀನಿ ಎಂದಳು. ಇದೊಂದನ್ನು ಅವಳು ಕೇಳುತ್ತಾಳೆಂದು ನಾನು ಎಣಿಸಿರಲಿಲ್ಲ. ಕೆಂಪು ಅಂಚಿನ ಮೂಲೆಯೊಂದನ್ನು ತೋರಿಸಿದೆ. ಅವಳು ಅದನ್ನು ಮೂಸಿ ನೋಡಿ, "ಹೂಂ, ಅವನೇ," ಎಂದಳು.

ನಾನು ಊರಿಗೆ ಬಂದಾಗ ನೀವೆಲ್ಲ ಕೌದಿ ಎಂದರೆ ಅಜ್ಜಿಯ ಮಮತೆ, ಒಂದೊಂದು ತುಂಡೂ ಒಂದೊಂದು ನೆನಪು ಎನ್ನುತ್ತೀರಿ. ಕೇಳಿದರೆ ಮೈ ಉರಿಯುತ್ತದೆ. ನಮ್ಮಜ್ಜಿ ಕೌದಿ ಹೊಲಿದದ್ದು ಚಳಿಗೆ, ಹೊಲಿಯುವಷ್ಟು ಹೊತ್ತೂ ಬೈಯುತ್ತಿದ್ದಳು. ಹೀಗೆಂದರೆ, ಬೆಂಗಳೂರು ನಿನ್ನನ್ನು ಕೆಡಿಸಿದೆ ಎನ್ನುತ್ತೀರಿ. ಇಲ್ಲಿ ನಾನು ಇವತ್ತಿಗೂ ಹುಬ್ಬಳ್ಳಿಯಮ್ಮ. ಎರಡು ಕಡೆಯವರೂ ನನ್ನನ್ನು ಆ ಕಡೆಯವಳೆನ್ನುತ್ತಾರೆ, ವಾದಿಸುವುದನ್ನು ಬಿಟ್ಟಿದ್ದೇನೆ.

ಪುಟ್ಟಮ್ಮ ಆ ಮೂಲೆಯ ಮೇಲೆಯೇ ಕೆನ್ನೆಯಿಟ್ಟು ಮಲಗುತ್ತಾಳೆ. ಆ ಜಾಗದ ಹೊಲಿಗೆ ಸವೆದಿದೆ. ಹಾಕಿಕೊಡು ಎಂದು ತಂದಾಗ ಅದನ್ನು ಬಿಚ್ಚದೆ, ಮೇಲಿಂದಲೇ ಎರಡು ಸಾಲು ಹೊಲಿದುಕೊಟ್ಟೆ. ಹಸಿರು ಬನಿಯನ್ ಎಲ್ಲಿದೆಯೋ ನನಗೆ ಗೊತ್ತಿಲ್ಲ. ತೋರಿಸಿದ ದಿನವೂ ಗೊತ್ತಿರಲಿಲ್ಲ.