ಸೇತುವೆ ಬಂದರೆ ಇಳಿ

ನನಗಾಗ ಇಪ್ಪತ್ತಾರು. ಅರವತ್ತು ವರ್ಷದ ಹಿಂದಿನ ಮಾತು. ಸವಣೂರಿನ ಸೈಕಲ್ ಅಂಗಡಿ ಚಾಚಾನ ಎಡಗೈಯಲ್ಲಿ ಮೂರೇ ಬೆರಳಿದ್ದವು. ಉಳಿದೆರಡನ್ನು ಚೈನು ತಿಂದಿತ್ತು. ಆ ಮೂರು ಬೆರಳಲ್ಲೇ ಟ್ಯೂಬನ್ನು ಬೋಗುಣಿ ನೀರಿನಲ್ಲಿ ಮುಳುಗಿಸಿ, ಕಣ್ಣು ಮುಚ್ಚಿ ಕಿವಿ ಕೊಡುತ್ತಿದ್ದ. “ಗಾಳಿ ಹೋಗೂದು ಕಣ್ಣಿಗಿಂತ ಮೊದ್ಲ ಕಿವಿಗೆ ಗೊತ್ತಾಗತೈತಿ” ಎನ್ನುತ್ತಿದ್ದ.

ಗಂಡ ಹಾಸಿಗೆ ಹಿಡಿದ ಮೇಲೆ ಅವನ ಸೈಕಲ್ಲನ್ನು ನಾನೇ ತುಳಿಯುತ್ತಿದ್ದೆ. ದಿನಾ ಬೆಳಿಗ್ಗೆ ವೀಳ್ಯದೆಲೆ ಪೆಂಡಿ ಹೇರಿಕೊಂಡು ಯಲವಿಗಿ ಸ್ಟೇಷನ್ನಿಗೆ ಒಯ್ಯಬೇಕು. ಕಚ್ಚೆ ಹಾಕಿ ಸೈಕಲ್ ಹತ್ತಿದ ಹೆಂಗಸನ್ನು ನೋಡಿ ಊರು ನಕ್ಕಿತು. ನಗಲಿ, ಊರೇನು ಅನ್ನ ಹಾಕುತ್ತಿತ್ತೇ? ಒಂದು ದಿನ ಸ್ಟೇಷನ್ನಿನ ಬೇಲಿಗೆ ಒರಗಿಸಿದ್ದ ಸೈಕಲ್ಲನ್ನು ಯಾರೋ ಕದ್ದರು. ಮರುದಿನ ಎಲೆ ತಲೆ ಮೇಲೆ ಹೊತ್ತು ನಡೆದೆ. ರೈಲು ತಪ್ಪಿತು. “ಇನ್ನೊಮ್ಮಿ ತಪ್ಪಿದ್ರ ಈ ಕೆಲಸ ಬ್ಯಾರೆದವರಿಗೆ ಕೊಡ್ತೇನಿ” ಎಂದ ಎಲೆ ತೋಟದವ.

ಹೋಗಿ ಚಾಚಾನಿಗೆ ಹೇಳಿದೆ. ಅವನು ತೊಲೆಗೆ ನೇತುಹಾಕಿದ್ದ ರೇಸಿನ ಸೈಕಲ್ಲು ಇಳಿಸಿದ. ಅದು ಅವನ ತಮ್ಮನದು. ಏಳು ವರ್ಷದ ಹಿಂದೆ ಒಂದು ಬೆಳಿಗ್ಗೆ ಯಲವಿಗಿಗೆಂದು ಹೋದ ತಮ್ಮ ತಿರುಗಿ ಬರಲಿಲ್ಲ. ಸೈಕಲ್ಲು ಹಳ್ಳದ ಸೇತುವೆಗೆ ಒರಗಿತ್ತು, ಹೆಣವೂ ಸಿಗಲಿಲ್ಲ. ಅವನು ಬರುವ ತನಕ ಗಾಲಿ ನೆಲ ಮುಟ್ಟಬಾರದೆಂದು ಚಾಚಾ ಚೈನು ಕಳಚಿ ಮೇಲೆ ಕಟ್ಟಿದ್ದ. ಗುರುವಾರಕ್ಕೊಮ್ಮೆ ಅದಕ್ಕೆ ಲೋಬಾನದ ಹೊಗೆ ಹಿಡಿಯುತ್ತಿದ್ದ. ಈಗ ಚೈನು ಹಾಕಿ ಕ್ಯಾರಿಯರ್ ಬಿಗಿದ.

ಹ್ಯಾಂಡಲ್ಲು ಟಗರಿನ ಕೊಂಬಿನಂತೆ ಕೆಳಗೆ ಸುತ್ತಿತ್ತು. ಟಾಯರು ಹೆಬ್ಬೆರಳಷ್ಟೇ ದಪ್ಪ. ಎರಡು ಸಲ ಬಿದ್ದೆ.

“ಹೊಲದಾಗ ಕಸ ಕೀಳೂ ಮುಂದ ಬಗ್ಗತಿಯಲ್ಲ, ಹಂಗ ಬಗ್ಗು ಬೇಟಿ. ನೆಟ್ಟಗ ಕುಂತ್ರ ಒಗಿತೈತಿ.”

“ಇದು ಸೈಕಲ್ಲೋ ಟಗರೋ ಚಾಚಾ?”

“ಟಗರಾದ್ರೂ ಮಾತು ಕೇಳತೈತಿ. ನೀ ಒಂದು ಕೇಳು. ಸೇತುವಿ ಬಂದ್ರ ಇಳಿ. ತಳ್ಳಿಕೊಂಡು ದಾಟು.”

ಇಳಿಯುತ್ತಿದ್ದೆ. ತಳ್ಳುವಾಗ ಹಿಂದಿನ ಗಾಲಿ ಟಿಕ್ ಟಿಕ್ ಎನ್ನುತ್ತಿತ್ತು. ನಾನು ನಿಂತ ಮೇಲೂ ನಾಲ್ಕು ಟಿಕ್ ಹೆಚ್ಚಿಗೆ ಕೇಳುತ್ತಿತ್ತು.

ಒಂದು ಬೆಳಿಗ್ಗೆ ತಡವಾಯಿತು. ಸೇತುವೆ ಬಳಿ ಬರುವಷ್ಟರಲ್ಲಿ ದೂರದಲ್ಲಿ ರೈಲು ಕೂಗಿತು. ಇಳಿಯಲಿಲ್ಲ. ನಡುವೆ ಹೋಗುವಾಗ ಹಿಂದಿನ ಗಾಲಿ ಜಗ್ಗಿತು. ಪಂಚರ್ ಅಲ್ಲ, ಯಾರೋ ಹತ್ತಿ ಕುಳಿತ ಹಾಗೆ. ಪಕ್ಕದಲ್ಲಿ ನನ್ನ ನೆರಳು ಓಡುತ್ತಿತ್ತು. ನಾನು ಬಗ್ಗಿದ್ದೆ. ನೆರಳು ನೆಟ್ಟಗೆ ಕುಳಿತಿತ್ತು. ಹಲ್ಲು ಕಚ್ಚಿ ತುಳಿದೆ. ರೈಲಿಗೆ ಎಲೆ ಹಾಕಿದೆ.

ಬಂದು ಚಾಚಾನಿಗೆ ಹೇಳಿದೆ. ಅವನು ಬೋಗುಣಿಯಿಂದ ಕೈ ತೆಗೆದ.

“ಹಗರ ಇದ್ನೋ, ಭಾರ ಇದ್ನೋ?”

“ಭಾರ.”

“ಹಂಗಾರ ಎಲ್ಲೋ ಉಂಡಾನ ಬಿಡು. ಎಲ್ಲಿ ಇಳದಾ?”

“ಬರೂ ಮುಂದೂ ಭಾರನ ಇತ್ತು. ನಿಮ್ಮ ಅಂಗಡಿ ಮುಂದ ಹಗರ ಆತು ನೋಡ್ರಿ.”

ಚಾಚಾ ಎರಡು ಕಪ್ಪು ಚಹಾ ತರಿಸಿದ. ನನಗೆ ಕೊಡಲಿಲ್ಲ. ಒಂದನ್ನು ತಾನು ಕುಡಿದ, ಇನ್ನೊಂದನ್ನು ಎದುರಿನ ಖಾಲಿ ಸ್ಟೂಲಿನ ಮೇಲಿಟ್ಟ. ಮಧ್ಯಾಹ್ನದ ನಮಾಜಿಗೆ ಏಳಲಿಲ್ಲ, ಕುಳಿತಲ್ಲೇ ಹೋಗಿದ್ದ. ಸ್ಟೂಲಿನ ಮೇಲಿನ ಕಪ್ಪೂ ಬರಿದಾಗಿತ್ತು ಎಂದರು. ನಾನು ನೋಡಿಲ್ಲ. ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡಿದರು. “ಆ ಸೈಕಲ್ಲು ತಿರುಗಿ ತರಬ್ಯಾಡವಾ” ಎಂದಳು ಅವನ ಹೆಂಡತಿ.

ಮರುದಿನ ಬೆಳಿಗ್ಗೆ ಎಲೆ ಹೇರಿಕೊಂಡು ಹೊರಟೆ. ಸೇತುವೆಯಲ್ಲಿ ಇಳಿಯಲಿಲ್ಲ. ಸೈಕಲ್ಲು ಹಗುರವಿತ್ತು. ಆಚೆ ದಡದಲ್ಲಿ ಇಳಿದು, ಪೆಂಡಿಯಿಂದ ಅಣ್ಣನಿಗೊಂದು ತಮ್ಮನಿಗೊಂದು ಎಲೆ ಹಿರಿದು, ಸೇತುವೆ ಕಟ್ಟೆಯ ಮೇಲಿಟ್ಟು ಕಲ್ಲು ಹೇರಿದೆ. ರೈಲು ಸಿಕ್ಕಿತು.