ತಳವಿಲ್ಲದ ಏಳು ಮಡಿಕೆ

೧೯೩೫ರ ದೀಪಾವಳಿ ಕಳೆದ ವಾರವೇ ಸೋಮು ತನ್ನ ಹೆಂಡತಿ ಹೀರಾಳನ್ನೂ ತಾಯಿ ನಾಗಮ್ಮನನ್ನೂ ಅಗಸೂರಿನಿಂದ ಕಾರವಾರಕ್ಕೆ ಕರೆತಂದ. ಅವನು ಅಲ್ಲಿನ ಒಂದು ಸರ್ಕಾರಿ ಕಚೇರಿಯಲ್ಲಿ ಪಟ್ಟೆವಾಲ. ಎದೆಯ ಮೇಲೆ ಅಡ್ಡಪಟ್ಟೆ ಹಾಕಿಕೊಂಡು ಸಾಹೇಬರ ಬಾಗಿಲಲ್ಲಿ ನಿಲ್ಲುವ ಕೆಲಸ. ಎರಡು ವರ್ಷ ಒಬ್ಬನೇ ಇದ್ದ. ತಾಯಿಯ ದಮ್ಮು ಜೋರಾಗಿ, ಡಾಕ್ಟರರ ಹತ್ತಿರ ಪದೇ ಪದೇ ತೋರಿಸಬೇಕಾಗಿ ಬಂದದ್ದರಿಂದ ಹಬ್ಬುವಾಡದಲ್ಲಿ ವೈಜಯಂತಿಬಾಯಿಯವರ ಮನೆಯ ಹಿಂಭಾಗದ ಎರಡು ಕೋಣೆ ಬಾಡಿಗೆಗೆ ಹಿಡಿದ.

ಡಾಕ್ಟರರು ನಾಗಮ್ಮನ ಎದೆಗೆ ಕೊಳವೆ ಇಟ್ಟು ಕೇಳಿ, ಬಾಟಲಿ ಔಷಧ ಕೊಟ್ಟರು. ಔಷಧಕ್ಕಿಂತ ದೊಡ್ಡ ಮಾತೊಂದನ್ನೂ ಹೇಳಿದರು. ಈ ಅಮ್ಮ ಹೊಗೆಯಿಂದ ದೂರ ಇರಬೇಕು, ಹೊಗೆ ಕುಡಿಯುತ್ತಾ ಔಷಧ ಕುಡಿದರೆ ಏನೂ ಆಗದು ಎಂದರು.

ಹೇಳುವುದು ಸುಲಭ. ಅಗಸೂರಿನ ಮನೆಯಲ್ಲಿ ಒಲೆ ಇದ್ದದ್ದು ಹಿತ್ತಲ ಚಪ್ಪರದ ಕೆಳಗೆ. ಗಾಳಿ ಬಂದ ಹಾಗೆ ಹೊಗೆ ಹೋಗುತ್ತಿತ್ತು. ಇಲ್ಲಿ ಅಡುಗೆಕೋಣೆ ಎಂದರೆ ತಗ್ಗು ಮಾಡಿನ ಒಂದು ಮೂಲೆ, ಅಂಗೈ ಅಗಲದ ಕಿಟಕಿ. ಹೀರಾ ಮೂರು ಕಲ್ಲಿಟ್ಟು ಬೆಂಕಿ ಹಾಕಿದ ಮೊದಲ ದಿನವೇ ಹೊಗೆ ಎರಡೂ ಕೋಣೆ ತುಂಬಿತು. ನಾಗಮ್ಮ ಅಂಗಳಕ್ಕೆ ಹೋಗಿ ತುಳಸಿಕಟ್ಟೆ ಹಿಡಿದುಕೊಂಡು ಕೆಮ್ಮಿದಳು. ಕೆಮ್ಮು ಕೇಳಿ ವೈಜಯಂತಿಬಾಯಿ ಬಂದರು. ಹಿಂದಿನ ಬಾಡಿಗೆಯವರ ಮಸಿ ತೆಗೆಸಿ ಗೋಡೆಗೆ ಹೊಸದಾಗಿ ಸುಣ್ಣ ಬಳಿಸಿ ತಿಂಗಳಾಗಿರಲಿಲ್ಲ. ಅವರು ಗೋಡೆಯ ಮೇಲೆ ಬೆರಳಾಡಿಸಿ, ಬೆರಳನ್ನು ಹೀರಾಳಿಗೆ ತೋರಿಸಿದರು.

"ನೋಡು ಗೋ, ಒಂದು ದಿವಸಕ್ಕೆ ಇಷ್ಟು. ಸಂಕ್ರಾಂತಿ ತನಕ ನೋಡ್ತೇನೆ. ಆಮೇಲೂ ಹೀಗೇ ಆದರೆ ಬೇರೆ ಕಡೆ ಮನೆ ನೋಡ್ಕೊಳ್ಳಿ."

ಅವರು ಕೆಟ್ಟವರೇನಲ್ಲ. ಮರುದಿನ ತಮ್ಮ ಪಂಪಿನ ಸ್ಟೋವನ್ನೇ ತಂದು ಕೊಟ್ಟು, ಕೆಲ ದಿನ ಇದರಲ್ಲಿ ಮಾಡಿ ನೋಡು ಎಂದರು. ಅವರ ಮಗ ಮಧುಕರ ಮುಂಬಯಿಯಿಂದ ಎರಡು ತಂದಿದ್ದನಂತೆ. ಹಿತ್ತಾಳೆಯ ಹೊಟ್ಟೆ, ಮೂರು ಕಾಲು, ಪಂಪು ಹೊಡೆದರೆ ಭುಸ್ಸೆಂದು ನೀಲಿ ಉರಿ. ಹೀರಾಳಿಗೆ ಅದು ತುಂಬ ಹಿಡಿಸಿತು. ಕಣ್ಣುಮುಚ್ಚಿ ತೆರೆಯುವುದರಲ್ಲಿ ಚಹಾ ಆಯಿತು. ಆದರೆ ಅದರ ಮೇಲೆ ಅಗಸೂರಿನಿಂದ ಹೊತ್ತು ತಂದ ಮಣ್ಣಿನ ಮಡಿಕೆಯಲ್ಲಿ ಬಂಗಡೆ ಸಾರಿಗಿಟ್ಟಾಗ, ಉರಿ ಒಂದೇ ಜಾಗಕ್ಕೆ ಚುಚ್ಚಿದಂತೆ ತಾಗಿ, ಮಡಿಕೆ ನಡುವೆ ಸೀಳಿತು. ಸಾರೆಲ್ಲ ಸ್ಟೋವಿನ ಮೇಲೆ. ಅದನ್ನು ತಿಕ್ಕಿ ತೊಳೆಯಲು ಅರ್ಧ ದಿನ ಹಿಡಿಯಿತು.

ಸೋಮು ಪೇಟೆಯಿಂದ ಅಲ್ಯುಮಿನಿಯಂ ಪಾತ್ರೆ ತಂದ. ಆಗ ಜನ ಅದಕ್ಕೆ ಜರ್ಮನ್ ಪಾತ್ರೆ ಎನ್ನುತ್ತಿದ್ದರು. ಎತ್ತಿದರೆ ಹೂವಿನಷ್ಟು ಹಗುರ. ಸ್ಟೋವಿನ ಮೇಲೆ ಒಡೆಯುವ ಭಯವೂ ಇಲ್ಲ. ಆದರೆ ಮುರುಗಲ ಸಿಪ್ಪೆಯ ಹುಳಿ ಹಾಕಿದ ಸಾರು ಅದರಲ್ಲಿ ರಾತ್ರಿ ಕಳೆಯುವಷ್ಟರಲ್ಲಿ ಪಾತ್ರೆಯ ಒಳಗೆಲ್ಲ ಕಪ್ಪಾಗಿ, ಸಾರಿಗೆ ಲೋಹದ ರುಚಿ ಹತ್ತಿತು. ಕುಚ್ಚಲಕ್ಕಿ ಬೇಯಬೇಕಾದರೆ ಅರ್ಧ ಹಗಲು ಪಂಪು ಹೊಡೆಯಬೇಕು. ಗಂಜಿಯಲ್ಲಿ ಚಿಮಣಿ ಎಣ್ಣೆಯ ವಾಸನೆ ಎಂದು ನಾಗಮ್ಮ ಎರಡು ತುತ್ತಿಗೆ ಕೈ ತೊಳೆದಳು.

ಮೂರನೆಯದು ಇದ್ದಿಲಿನ ಶೇಗಡಿ. ಕಬ್ಬಿಣದ ಆ ಕುಂಡದಲ್ಲಿ ಕೆಂಡ ಮಾಡಿ ಇಟ್ಟರೆ ಮೀನಿನ ಸಾರು ಊರಿನಲ್ಲಿ ಆದ ಹಾಗೇ ಆಯಿತು. ಸಣ್ಣ ಕಾವಿಗೆ ಮಡಿಕೆಯೂ ಒಡೆಯಲಿಲ್ಲ. ಗೋಡೆಗೂ ಮಸಿ ಇಲ್ಲ. ಹೀರಾ ಗೆದ್ದೆ ಅಂದುಕೊಂಡಳು. ಆದರೆ ಮುಚ್ಚಿದ ಕೋಣೆಯಲ್ಲಿ ಒಂದು ತಾಸು ಅದರ ಮುಂದೆ ಕೂತ ಮೇಲೆ ತಲೆ ಸುತ್ತಿ, ಹೊಸ್ತಿಲು ದಾಟಿ ಅಂಗಳದಲ್ಲಿ ವಾಂತಿ ಮಾಡಿದಳು. ಕಣ್ಣಿಗೆ ಕಾಣದ ಹೊಗೆ ಕಾಣುವ ಹೊಗೆಗಿಂತ ಕೆಟ್ಟದ್ದು ಎಂದು ಅವಳಿಗೆ ಅಂದು ತಿಳಿಯಿತು.

ಆ ಸಂಜೆ ನಾಗಮ್ಮ ತನ್ನ ಎರಡು ಸೀರೆಯನ್ನು ಗಂಟು ಕಟ್ಟಿದಳು. ತಾನು ಬಂದದ್ದರಿಂದಲೇ ಇವರಿಗೆ ಈ ಕಷ್ಟ, ಊರಲ್ಲಿ ದೊಡ್ಡ ಮಗ ಇದ್ದಾನೆ, ಚಪ್ಪರದ ಒಲೆ ಇದೆ ಎಂಬುದು ಅವಳ ಲೆಕ್ಕ. ಊರಿಗೆ ಹೋದರೆ ಡಾಕ್ಟರರಿಲ್ಲ, ಇಲ್ಲಿದ್ದರೆ ಉಸಿರಿಲ್ಲ. ಹೀರಾ ಗಂಟನ್ನು ಬಿಚ್ಚಿ ಸೀರೆಗಳನ್ನು ಮತ್ತೆ ಹಗ್ಗದ ಮೇಲೆ ಹಾಕಿದಳು.

"ಹೋಗೂದಾದ್ರೆ ಒಲೆ ಹೋಗ್ಲಿ ಅತ್ತೆ. ನೀವು ಹೋಗೂದು ಬೇಡ. ನಂಗೆ ಸಂಕ್ರಾಂತಿ ತನಕ ಟೈಮು ಕೊಡಿ."

ಹಾಗೆ ಹೇಳುವಾಗ ಏನು ಮಾಡಬೇಕೆಂದು ಅವಳಿಗೇ ಗೊತ್ತಿರಲಿಲ್ಲ. ಚಾಪೆಯ ಮೇಲೆ ಮಲಗಿ ಹೊಗೆಯ ಬಗ್ಗೆಯೇ ಯೋಚಿಸಿದಳು. ಹೊಗೆ ಎಲ್ಲಿ ತನಗೆ ತೊಂದರೆ ಕೊಟ್ಟಿಲ್ಲ ಎಂದು ತನ್ನನ್ನೇ ಕೇಳಿಕೊಂಡಾಗ ನೆನಪಾದದ್ದು ತವರಿನ ಆಲೆಮನೆ. ಅವಳ ಅಪ್ಪ ಹುಲಿಯಾ ಬೆಲ್ಲ ಕಾಯಿಸುವ ಒಲೆ ಕಟ್ಟುವುದರಲ್ಲಿ ಹೆಸರು ಮಾಡಿದವನು. ನೆಲದಲ್ಲಿ ಉದ್ದಕ್ಕೆ ಕಾಲುವೆ ತೋಡಿ, ಈ ಬಾಯಿಯಲ್ಲಿ ಬೆಂಕಿ, ಮೇಲೆ ಕೊಪ್ಪರಿಗೆ, ಆ ತುದಿಯಲ್ಲಿ ಆಳೆತ್ತರದ ಮಣ್ಣಿನ ಗೂಡು. ಹೀರಾ ಹುಡುಗಿಯಾಗಿದ್ದಾಗ ಕಬ್ಬಿನ ಸಿಪ್ಪೆ ತಳ್ಳುತ್ತ ಆ ಬಾಯಿಯ ಮುಂದೆ ಇಡೀ ದಿನ ಕೂತಿರುತ್ತಿದ್ದಳು. ಮುಖಕ್ಕೆ ಕಾವು ಬಡಿಯುತ್ತಿತ್ತೇ ಹೊರತು ಹೊಗೆ ಎಂದೂ ಬಡಿದಿರಲಿಲ್ಲ. ಹೊಗೆಗೆ ಹತ್ತುವ ದಾರಿ ಕೊಟ್ಟರೆ ಅದು ಹಿಂದೆ ನೋಡುವುದಿಲ್ಲ ಎಂದು ಅಪ್ಪ ಹೇಳುತ್ತಿದ್ದ.

ಅಷ್ಟು ದೊಡ್ಡದನ್ನು ಅಡುಗೆಕೋಣೆಯಲ್ಲಿ ಚಿಕ್ಕದಾಗಿ ಕಟ್ಟಿದರೆ ಏನು ಎಂದು ಬೆಳಗಾಗುತ್ತಲೇ ಸೋಮುವನ್ನು ಕೇಳಿದಳು. ಮನೆ ನಮ್ಮದಲ್ಲ, ಗೋಡೆ ಒಡೆಯುವಂತಿಲ್ಲ ಎಂದು ಅವನು ಹೆದರಿದ. ಗೋಡೆ ಯಾಕೆ ಒಡೆಯಬೇಕು, ಮಾಡಿನ ಒಂದು ಹೆಂಚು ಸರಿಸಿದರೆ ಸಾಕು, ಬೇಡವಾದಾಗ ಮತ್ತೆ ಹಾಕಬಹುದು ಎಂದಳು ಹೀರಾ. ವೈಜಯಂತಿಬಾಯಿ ಈ ಮಾತಿಗೆ ಒಪ್ಪಲು ಎರಡು ದಿನ ತೆಗೆದುಕೊಂಡರು. ಒಂದೇ ಹೆಂಚು, ಹೆಚ್ಚಿಲ್ಲ ಎಂದು ಕರಾರು ಹಾಕಿದರು.

ಹೊಗೆಗೆ ಕೊಳವೆ ಬೇಕಿತ್ತು. ಹೀರಾ ಭಾನುವಾರ ಗಂಡನನ್ನು ಕರೆದುಕೊಂಡು ಕಿನ್ನರ ಹಳ್ಳಿಗೆ ನಡೆದು, ಕಾಶಿ ಎಂಬ ಕುಂಬಾರನ ಮನೆಗೆ ಹೋದಳು. ತನಗೆ ಏಳು ಮಡಿಕೆ ಬೇಕು, ಯಾವುದಕ್ಕೂ ತಳ ಇರಬಾರದು ಎಂದಳು. ಕಾಶಿ ತಿಗರಿ ನಿಲ್ಲಿಸಿ ಅವಳನ್ನೂ ಸೋಮುವನ್ನೂ ನೋಡಿದ.

"ತಳ ಒಡೆದದ್ದು ಹೇಳಿ ವಾಪಸು ತರೋರ್ನ ನೋಡಿದ್ದೆ. ತಳ ಬೇಡ ಹೇಳಿ ಬಂದೋರು ನೀವೇ ಮೊದ್ಲು."

ಅವಳು ನೆಲದ ಮೇಲೆ ಕಡ್ಡಿಯಿಂದ ಗೀಚಿ ತೋರಿಸಿದಳು. ಒಂದರ ಬಾಯಿ ಇನ್ನೊಂದರೊಳಗೆ ಕೂರಬೇಕು. ಕಾಶಿಗೆ ಅರ್ಥವಾದದ್ದೇ ತಡ, ಅವನಿಗೂ ಹುಮ್ಮಸ್ಸು ಬಂತು. ಒಲೆಯ ಎರಡು ಬಾಯಿಗೆ ಬಳೆಯಂಥ ದಪ್ಪ ಮಣ್ಣಿನ ಉಂಗುರ ಮಾಡಿಕೊಡುತ್ತೇನೆ, ಅವಿದ್ದರೆ ಪಾತ್ರೆ ತಾಗಿ ಒಲೆಯ ಅಂಚು ಉದುರುವುದಿಲ್ಲ ಎಂದು ತಾನೇ ಹೇಳಿದ. ಹನ್ನೆರಡನೇ ದಿನ ಎಲ್ಲವನ್ನೂ ಹುಲ್ಲಿನಲ್ಲಿ ಸುತ್ತಿ ಗಾಡಿಯಲ್ಲಿ ಕಳಿಸಿಕೊಟ್ಟ.

ಹುತ್ತದ ಮಣ್ಣು, ಭತ್ತದ ಹೊಟ್ಟು, ಸಗಣಿ. ಹೀರಾ ಸೀರೆ ಎತ್ತಿ ಕಟ್ಟಿ ಕಾಲಲ್ಲಿ ತುಳಿದು ಹದ ಮಾಡಿದಳು. ಮುಂದಿನ ಬಾಯಿ ದೊಡ್ಡದು, ಅನ್ನಕ್ಕೆ. ಹಿಂದಿನದು ಚಿಕ್ಕದು, ಮುಂದಿನದರಿಂದ ದಾಟಿ ಬಂದ ಕಾವಿನ ಮೇಲೆ ಸಾರು ಬೇಯಲಿ ಎಂದು. ಅದರ ಹಿಂದೆ ಮೂಲೆಯಲ್ಲಿ ಏಳು ಮಡಿಕೆ ಒಂದರ ಮೇಲೊಂದು ಏರಿ ಮಾಡಿನಿಂದ ಹೊರಗೆ ಹೋದವು. ಸಂದಿಗೆಲ್ಲ ಮಣ್ಣು ಮೆತ್ತಿದಳು.

ಮೊದಲ ಬೆಂಕಿ ಸೋಲಿಸಿತು. ಅವಸರಕ್ಕೆ ಎರಡೇ ದಿನ ಒಣಗಿಸಿದ್ದಳು, ಒಲೆಯ ಮಗ್ಗುಲು ಬಿರಿಯಿತು. ಮತ್ತೆ ಮೆತ್ತಿ ವಾರ ಕಾದಳು. ಎರಡನೆಯ ಸಲ ಬೆಳಗಿನ ಅಡುಗೆಗೆ ಹೊಗೆ ನೆಟ್ಟಗೆ ಮೇಲೆ ಹೋಯಿತು. ಆದರೆ ಮಧ್ಯಾಹ್ನ ಕಡಲ ಗಾಳಿ ಎದ್ದಾಗ ಅಷ್ಟೂ ಹೊಗೆ ಕೊಳವೆಯಲ್ಲಿ ಇಳಿದು ಬಂದು ಮುಖಕ್ಕೆ ಬಡಿಯಿತು. ತವರಿನ ಆಲೆಮನೆಗೆ ಗುಡ್ಡ ಅಡ್ಡ ಇತ್ತು, ಇಲ್ಲಿ ಕಡಲೇ ಹಿತ್ತಲು. ಹೀರಾ ಏಣಿ ಹತ್ತಿ ಬಹಳ ಹೊತ್ತು ಗಾಳಿಗೆ ಮುಖ ಕೊಟ್ಟು ನಿಂತಳು. ಇಳಿದು ಬಂದು, ನೀರು ತುಂಬುತ್ತಿದ್ದ ಒಂದು ಮಣ್ಣಿನ ಕೊಡವನ್ನು ಎತ್ತಿಕೊಂಡು, ಅದರ ಒಂದೇ ಮಗ್ಗುಲಿಗೆ ಉಳಿಯಿಂದ ನಿಧಾನವಾಗಿ ತೂತು ಕೊರೆದಳು. ಅದನ್ನು ಕೊಳವೆಯ ತುದಿಗೆ ಬೋರಲು ಹಾಕಿ, ತೂತುಗಳನ್ನು ಗುಡ್ಡದ ಕಡೆಗೆ ತಿರುಗಿಸಿದಳು. ಮಳೆಗೂ ಗಾಳಿಗೂ ಬೆನ್ನು, ಹೊಗೆಗೆ ಬಾಗಿಲು. ಅಂದು ಮಧ್ಯಾಹ್ನ ಗಾಳಿ ಎಷ್ಟು ಬೀಸಿದರೂ ಒಂದು ಎಳೆ ಹೊಗೆ ಕೆಳಗೆ ಬರಲಿಲ್ಲ.

ಸಂಕ್ರಾಂತಿಗೆ ಮೂರು ದಿನ ಇತ್ತು. ವೈಜಯಂತಿಬಾಯಿ ನೋಡಲು ಬಂದಾಗ ಅವರ ಹಿಂದೆ ಓಣಿಯ ನಾಲ್ಕಾರು ಹೆಂಗಸರೂ ಇದ್ದರು. ಒಲೆ ಚಂದ ಕಾಣುತ್ತದೆ, ಆದರೆ ಮಸಿ ಇವತ್ತು ಕಾಣದಿದ್ದರೂ ತಿಂಗಳಿಗೆ ಕಾಣುತ್ತದೆ ಎಂದು ಒಬ್ಬಾಕೆ ತಗಾದೆ ತೆಗೆದಳು. ಹೀರಾ ಒಳಗೆ ಹೋಗಿ, ಗಂಜಿ ಹಾಕಿ ಇಸ್ತ್ರಿ ಮಾಡಿದ್ದ ಸೋಮುವಿನ ಬಿಳಿ ಕೋಟನ್ನು ತಂದು, ಒಲೆಯ ನೇರಕ್ಕೆ ಹಗ್ಗದಲ್ಲಿ ತೂಗುಹಾಕಿದಳು. ಅದರಲ್ಲಿ ಒಂದು ಕಲೆ ಕಂಡರೂ ಸಾಹೇಬರು ಸೋಮುವನ್ನು ಬಾಗಿಲಿಂದಲೇ ಕಳಿಸುವವರು. ಸೋಮುವಿನ ಮುಖ ಕೋಟಿಗಿಂತ ಬಿಳಿಯಾಯಿತು.

"ಇದ್ರ ಕೆಳ್ಗೇ ಅಡ್ಗೆ ಮಾಡ್ತೆ ಬಾಯೋರೆ. ಮುಗಿದ್ಮೇಲೆ ನೀವೇ ಕೈ ಹಾಕಿ ನೋಡಿ."

ಕಟ್ಟಿಗೆ ಹಚ್ಚಿದಳು. ಬೇಕೆಂದೇ ಎರಡು ಹಸಿ ತೆಂಗಿನ ಮಡಲಿನ ತುಂಡನ್ನೂ ಒಳಗೆ ತಳ್ಳಿದಳು. ಮುಂದಿನ ಬಾಯಿಯ ಮೇಲೆ ಕಲಾಯಿ ಹಾಕಿಸಿದ ಹಿತ್ತಾಳೆ ಪಾತ್ರೆಯಲ್ಲಿ ಕುಚ್ಚಲಕ್ಕಿ, ಹಿಂದಿನದರ ಮೇಲೆ ಮಣ್ಣಿನ ಮಡಿಕೆಯಲ್ಲಿ ಬಂಗಡೆ. ಬೆಂಕಿ ಒಳಗೆ ಗುರ್ರೆಂದು ಎಳೆದುಕೊಂಡಿತು. ಅಕ್ಕಿ ಬೇಯುವಷ್ಟರಲ್ಲಿ, ಬೇರೆ ಕಟ್ಟಿಗೆ ಇಲ್ಲದೆ, ಸಾರೂ ಕುದಿಯಿತು. ಹೆಂಗಸರು ಮೊದಲು ಬಾಗಿಲಲ್ಲಿ ನಿಂತಿದ್ದವರು ಒಳಗೆ ಬಂದರು, ಆಮೇಲೆ ಕೂತರು. ಯಾರಿಗೂ ಕಣ್ಣಲ್ಲಿ ನೀರಿಲ್ಲ. ಎಲ್ಲಕ್ಕಿಂತ ಕೊನೆಗೆ ನಾಗಮ್ಮ ಬಂದಳು. ಮೊದಲ ದಿನದ ನಂತರ ಅವಳು ಆ ಹೊಸ್ತಿಲು ದಾಟಿರಲಿಲ್ಲ. ಬಾಗಿಲಲ್ಲಿ ಒಂದು ಸಲ ಉಸಿರು ಎಳೆದು ನೋಡಿದಳು. ಇನ್ನೊಂದು ಸಲ ಎಳೆದಳು. ಸೀದಾ ಒಲೆಯ ಮುಂದೆ ಬಂದು ಕೂತು ಸೊಸೆಯ ಕೈಯಿಂದ ಸೌಟು ತೆಗೆದುಕೊಂಡಳು.

"ಉಪ್ಪು ಕಮ್ಮಿ ಆಗಿದೆ," ಎಂದಳು.

ಹೀರಾ ನಕ್ಕಳು. ನಕ್ಕವಳಿಗೆ ಕಣ್ಣು ತುಂಬಿ ಬಂತು, ಆದರೆ ಅದು ಹೊಗೆಗೆ ಅಲ್ಲವೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ವೈಜಯಂತಿಬಾಯಿ ಕೋಟನ್ನು ಕೆಳಗಿಳಿಸಿ ಬೆಳಕಿಗೆ ಹಿಡಿದರು. ತೋಳು, ಕಾಲರು, ಒಳ ಹೊಲಿಗೆ ಎಲ್ಲ ನೋಡಿದರು. ಕೊನೆಗೆ ಮಡಚಿ ಸೋಮುವಿನ ಕೈಗೆ ಕೊಟ್ಟು, ಹೀರಾಳ ಕಡೆಗೆ ತಿರುಗಿದರು.

"ನಮ್ಮ ಅಡುಗೆಮನೆಯಲ್ಲಿ ಯಾವಾಗ ಕಟ್ತೀ?"

ಹಬ್ಬುವಾಡದಲ್ಲಿ ಆ ಬೇಸಿಗೆಗೆ ಹನ್ನೊಂದು ಮನೆಗೆ ಒಲೆ ಕಟ್ಟಿದಳು ಹೀರಾ. ಕಾಶಿ ತಳವಿಲ್ಲದ ಮಡಿಕೆಗಳನ್ನು ಮುಂಚಿತವಾಗಿಯೇ ಸುಟ್ಟು ಇಡತೊಡಗಿದ. ನಾಗಮ್ಮನ ದಮ್ಮು ಪೂರ್ತಿ ಹೋಗಲಿಲ್ಲ. ಮಳೆಗಾಲದಲ್ಲಿ ಬರುತ್ತಿತ್ತು. ಆದರೆ ಕುಳಿತು ನಿದ್ದೆ ಮಾಡುತ್ತಿದ್ದವಳು ಮಲಗಿ ನಿದ್ದೆ ಮಾಡುವಂತಾದಳು. ಡಾಕ್ಟರರು ತಮ್ಮ ಔಷಧ ಚೆನ್ನಾಗಿ ಹಿಡಿಯಿತು ಎಂದರು. ನಾಗಮ್ಮ ಅವರಿಗೆ ತಲೆ ಆಡಿಸಿ ಬಂದಳು.

ಮುಂದಿನ ವರ್ಷ ವೈಜಯಂತಿಬಾಯಿಯವರ ತಂಗಿಯ ಮಗಳು ಸುಗಂಧಾಳ ಮದುವೆ ಅಂಕೋಲೆಗೆ ನಿಶ್ಚಯವಾಯಿತು. ಹೊಸ ಸಂಸಾರಕ್ಕೆ ಪಾತ್ರೆ ಆರಿಸಲು ಮನೆಯ ಹಿರಿಯರೆಲ್ಲ ಕಾರವಾರದ ಪೇಟೆಗೆ ಹೊರಟಾಗ, ಹೀರಾ ಬರದಿದ್ದರೆ ತಾನೂ ಬರುವುದಿಲ್ಲ ಎಂದು ಸುಗಂಧಾ ಹಟ ಹಿಡಿದಳು. ತುಳಸಿದಾಸರ ಪಾತ್ರೆ ಅಂಗಡಿಯಲ್ಲಿ ಎಲ್ಲ ಫಳಫಳ ಹೊಳೆಯುತ್ತಿತ್ತು. ತುಳಸಿದಾಸರು ಕೈ ಹಾಕಿದ್ದು ಜರ್ಮನ್ ಪಾತ್ರೆಗಳ ಇಡೀ ಜೋಡಣೆಗೆ. ಕಲಾಯಿಯ ತಾಪತ್ರಯ ಇಲ್ಲ, ಎಲ್ಲ ಅಡುಗೆಗೂ ಇದೇ ಸಾಕು ಎಂದರು. ಹಿರಿಯರು ಹೀರಾಳನ್ನು ನೋಡಿದರು. ಪಟ್ಟೆವಾಲನ ಹೆಂಡತಿಯನ್ನು ಪೇಟೆಯಲ್ಲಿ ಹಾಗೆ ಯಾರೂ ನೋಡಿದ್ದಿಲ್ಲ.

ಹೀರಾ ಸೆರಗು ಸರಿಮಾಡಿಕೊಂಡು, ಒಂದೊಂದನ್ನೇ ಕೈಗೆತ್ತಿಕೊಂಡಳು. ಜರ್ಮನ್ ಪಾತ್ರೆ ಒಂದಿರಲಿ, ನೀರು ಕಾಯಿಸಲು ಅದರಷ್ಟು ಬೇಗದ್ದಿಲ್ಲ, ಹುಳಿ ಮಾತ್ರ ಅದಕ್ಕೆ ತೋರಿಸಬಾರದು. ಅನ್ನಕ್ಕೂ ಬೇಳೆಗೂ ಹಿತ್ತಾಳೆ, ತಳ ದಪ್ಪ ಇರುವುದು. ಬೆರಳಿಂದ ಬಡಿದು ನಾದ ಕೇಳಿ ಎರಡನ್ನು ಬದಿಗಿಟ್ಟು, ಮೂರನೆಯದನ್ನು ಬೆಸುಗೆ ಹಾಕಿದ್ದು ಎಂದು ಹಿಂದೆ ತಳ್ಳಿದಳು. ತುಳಸಿದಾಸರು ಅದನ್ನು ತಿರುಗಿಸಿ ನೋಡಿ, ಒಳಗಿಟ್ಟರು. ದೋಸೆಗೆ ಬೀಡುಕಬ್ಬಿಣದ ಕಾವಲಿ. ಮೀನಿಗೆ ಈ ಅಂಗಡಿಯದು ಯಾವುದೂ ಬೇಡ, ಅದು ಕಿನ್ನರದಿಂದ ಬರಲಿ. ಪಂಪಿನ ಸ್ಟೋವ್ ಬೇಕೇ ಬೇಡವೇ ಎಂದು ಸುಗಂಧಾ ಕೇಳಿದಾಗ ಬೇಕು ಎಂದಳು. ನೆಂಟರು ಬಂದಾಗ ಚಹಾಕ್ಕೆ, ಮಗುವಿನ ಹಾಲಿಗೆ. ದಿನದ ಅಡುಗೆ ಮಾತ್ರ ಮಣ್ಣಿನ ಒಲೆಗೆ ಬಿಡು.

ತುಳಸಿದಾಸರು ಹೀರಾಳಿಗೆ ಕೂರಲು ಸ್ಟೂಲು ತರಿಸಿದರು. ಅಂದಿನಿಂದ ಮದುವೆಯ ಪಾತ್ರೆ ಕೊಳ್ಳುವವರು ಬಂದರೆ, ಮೊದಲು ಹಬ್ಬುವಾಡಕ್ಕೆ ಹೋಗಿ ಹೀರಾಬಾಯಿಯವರನ್ನು ಕೇಳಿಕೊಂಡು ಬನ್ನಿ ಎಂದು ಅವರೇ ಹೇಳುತ್ತಿದ್ದರು.

ಮದುವೆಯಾದ ವಾರದಲ್ಲಿ ಸುಗಂಧಾಳ ಹೊಸ ಮನೆಗೆ ಒಲೆ ಕಟ್ಟಲು ಹೀರಾ ಅಂಕೋಲೆಗೆ ಹೋದಳು. ಜೊತೆಗೆ ನಾಗಮ್ಮನೂ ಬಸ್ಸು ಹತ್ತಿದಳು. ಸಂದಿಗೆ ಮಣ್ಣು ಮೆತ್ತುವುದರಲ್ಲಿ ಸೊಸೆಗಿಂತ ತನ್ನ ಕೈಯೇ ನಯ ಎಂಬುದು ಆಗ ಅವಳ ವಾದ. ಸುಗಂಧಾಳ ಅತ್ತೆಗೆ ಅವಸರ, ಮರುದಿನವೇ ಹಾಲು ಉಕ್ಕಿಸಬೇಕಂತೆ. ಒಂಬತ್ತು ದಿನ ಒಣಗದೆ ಬೆಂಕಿ ಹಾಕಬಾರದು ಎಂದು ಹೀರಾ ಹೇಳಿದಳು. ಆ ಮನೆಯವರು ಒಂಬತ್ತು ದಿನ ಕಾದರು.