ರಟ್ಟಿನ ಗುಳ್ಳೆ, ತೋಳಿನ ಬಾವು

ಈ ಬೀದಿಯಲ್ಲಿ ಅವರನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಪುಸ್ತಕಗಳಿಗೆ ರಟ್ಟು ಕಟ್ಟುವ ಕಸುಬಿನಿಂದಾಗಿ ಅವರ ಬೆರಳ ಸಂದಿಗಳಲ್ಲಿ ಸದಾ ಒಣಗಿದ ಅಂಟು ಇರುತ್ತದೆ. ಹಾಗಾಗಿ ಹಿರಿಯರಿಗೂ ಕಿರಿಯರಿಗೂ ಅವರು ಅಂಟಣ್ಣ. ಅದೇ ನ್ಯಾಯದಿಂದ ಹೆಂಡತಿ ಅಂಟಕ್ಕ ಆಗಬೇಕಿತ್ತು. ಆದರೆ ಹಾಳೆಗಳನ್ನು ಹೊಲಿಯುವ ಕೆಲಸ ಅವರದಾದ್ದರಿಂದ ದಾರದಕ್ಕ ಎಂಬ ಬೇರೆ ಹೆಸರೇ ಬಿತ್ತು. ಈ ವಿಷಯದಲ್ಲಿಯೂ ಅಂಟಣ್ಣನವರಿಗೆ ಒಂದು ತಕರಾರಿದೆ.

“ಅವಳಿಗೆ ಮಾತ್ರ ಚೆಂದದ ಹೆಸರು. ನನಗೆ ನೋಡಿ, ಬೇಡ ಅಂದ್ರೂ ಬಿಡದ ನೆಂಟನ ತರ, ಅಂಟು!”

“ಹೆಸರು ಇಟ್ಟವರು ಮನುಷ್ಯನ್ನ ನೋಡೇ ಇಟ್ಟಿದ್ದಾರೆ,” ಎಂದು ದಾರದಕ್ಕ ಕಿಟಕಿಯ ಬಳಿಯಿಂದ ಹೇಳಿದರು.

ಇವರ ಬದುಕಿನ ವಿವರಗಳನ್ನು ನಾನು ಹಲವು ಭೇಟಿಗಳಲ್ಲಿ, ಅಂಗಡಿಯಲ್ಲಿಯೇ, ಕೆಲಸ ನಡೆಯುತ್ತಿರುವಾಗ ದಾಖಲಿಸಿಕೊಂಡೆ. ಗಂಡ ಹೆಂಡತಿ ಇಬ್ಬರೂ ಪ್ರತಿ ಸಲವೂ ಎದುರಿಗಿದ್ದರು. ಇಬ್ಬರ ಮಾತು ಒಂದಕ್ಕೊಂದು ಹೊಂದದ ಕಡೆ ಎರಡನ್ನೂ ಹಾಗೆಯೇ ಉಳಿಸಿದ್ದೇನೆ.

ಅಂಗಡಿ ಎಂದರೆ ಉದ್ದನೆಯ ಒಂದು ಕೋಣೆ. ಬೀದಿಯ ಕಡೆಯ ಕಿಟಕಿಯ ಬೆಳಕಿನಲ್ಲಿ ದಾರದಕ್ಕನ ಕುರ್ಚಿ, ಹೊಲಿಗೆಯ ಚೌಕಟ್ಟು, ಮೇಣ ಸವರಿದ ದಾರದ ಉಂಡೆ. ಒಳಗಿನ ತುದಿಯಲ್ಲಿ ಅಂಟಣ್ಣನವರ ಮೇಜು. ಅದರ ಪಕ್ಕದಲ್ಲಿ, ಕಟ್ಟಿದ ಪುಸ್ತಕಗಳನ್ನು ಒತ್ತಿಡಲು, ತಿರುಪಿನ ಚಕ್ರವಿರುವ ಕಬ್ಬಿಣದ ಪ್ರೆಸ್ಸು. ಶಾಲೆಯ ಗ್ರಂಥಾಲಯದ ಹರಿದ ಪುಸ್ತಕಗಳು ಮತ್ತು ವಿದ್ಯಾರ್ಥಿಗಳ ಪ್ರಬಂಧಗಳು ಮೊದಲು ಕಿಟಕಿಗೆ ಬರುತ್ತವೆ, ಹೊಲಿಸಿಕೊಂಡು ಮೇಜಿಗೆ ಹೋಗುತ್ತವೆ. ಮದುವೆಯಾದಂದಿನಿಂದ ಕ್ರಮ ಬದಲಾಗಿಲ್ಲ.

ಅಂಟಣ್ಣ ಕಸುಬು ಕಲಿತದ್ದು ಸೋದರಮಾವನ ಬಳಿ. ಹೊಟ್ಟೆಕಿಚ್ಚನ್ನು ಕಲಿತದ್ದೂ ಅಲ್ಲಿಯೇ ಎಂದು ಅವರೇ ಹೇಳುತ್ತಾರೆ. “ಮಾವನ ಮಗ ಹಾಳೆ ಹರಿದ್ರೆ ‘ಕಲೀತಾನೆ ಬಿಡು’. ನಾನು ಹರಿದ್ರೆ ತಲೆಗೊಂದು ಮೊಟಕು. ಅವತ್ತಿಂದ ಯಾರನ್ನ ಯಾರಾದ್ರೂ ಹೊಗಳಿದ್ರೆ ಸಾಕು, ನನಗೆ ಇಲ್ಲಿ, ಎದೆಗೂಡಿನ ಕೆಳಗೆ, ಯಾರೋ ಕಡ್ಡಿ ಗೀರಿದ ಹಾಗಾಗುತ್ತೆ.”

ಆದರೂ ಮಾವ ಕಲಿಸಿದ ಒಂದು ಪಾಠವನ್ನು ಅವರು ಗೌರವದಿಂದ ನೆನೆಯುತ್ತಾರೆ. ರಟ್ಟಿಗೆ ಅಂಟು ಹಚ್ಚಿ ಬಟ್ಟೆಯನ್ನು ಹಾಸಿದಾಗ ಅಡಿಯಲ್ಲಿ ಗಾಳಿ ಸಿಕ್ಕಿಕೊಂಡು ಗುಳ್ಳೆ ಏಳುತ್ತದೆ. ಹೊಸಬರು ಅದನ್ನು ಹೆಬ್ಬೆರಳಿನಿಂದ ಅದುಮಿ ಬಟ್ಟೆಯನ್ನು ಸುಕ್ಕು ಮಾಡುತ್ತಾರೆ. ಬಲ್ಲವರು ಅಂಗೈಯನ್ನು ಮೆಲ್ಲಗೆ ಜಾರಿಸಿ ಗುಳ್ಳೆಯನ್ನು ಹತ್ತಿರದ ಅಂಚಿಗೆ ನಡೆಸಿಕೊಂಡು ಹೋಗಿ ಹೊರಗೆ ಬಿಡುತ್ತಾರೆ. ಅಂಟಣ್ಣ ಕಟ್ಟಿದ ಪುಸ್ತಕದ ಮೇಲೆ ಗುಳ್ಳೆ ಕಂಡವರಿಲ್ಲ. ತಮ್ಮಷ್ಟು ಹಗುರವಾದ ಕೈ ಈ ಊರಿನಲ್ಲಿ ಇನ್ನೊಬ್ಬರಿಗಿಲ್ಲ ಎಂಬ ನಂಬಿಕೆಯಲ್ಲಿ ಅವರು ಬಹುಕಾಲ ಸುಖವಾಗಿದ್ದರು.

ದಾರದಕ್ಕನ ಬಲಗಡೆಯ ಸ್ತನದಲ್ಲಿ ಗಂಟು ಕಾಣಿಸಿಕೊಂಡು ಶಸ್ತ್ರಚಿಕಿತ್ಸೆಯಾಯಿತು. ಅದರ ಜೊತೆಗೆ ಕಂಕುಳಿನ ಗ್ರಂಥಿಗಳನ್ನೂ ತೆಗೆದರು. ಕಾಯಿಲೆ ಹೋಯಿತು. ಆದರೆ ಎಲ್ಲ ಸರಿಹೋಯಿತೆಂದು ನೆಮ್ಮದಿಯಾಗಿದ್ದ ಹೊತ್ತಿನಲ್ಲಿ ಬಲತೋಳು ಊದಲು ತೊಡಗಿತು. ಮೊದಲು ರವಿಕೆಯ ತೋಳು ಬಿಗಿಯಾಯಿತು, ಆಮೇಲೆ ಮೊಣಕೈಯ ಗುಳಿ ಕಾಣದಾಯಿತು, ಕಡೆಗೆ ಸೂಜಿ ಹಿಡಿದ ಬೆರಳುಗಳು ಅದನ್ನು ಕೈಬಿಡತೊಡಗಿದವು. ಕಿಟಕಿಯ ಬಳಿ ಹೊಲಿಯದ ಕಟ್ಟುಗಳು ಬೆಳೆದವು.

ಆಸ್ಪತ್ರೆಯ ಹಿಂಭಾಗದ ಕೋಣೆಯೊಂದರಲ್ಲಿ ಈ ಬಗೆಯ ಬಾವಿಗೆ ಚಿಕಿತ್ಸೆ ಕೊಡುವ ತರಬೇತಿ ಪಡೆದ ಒಬ್ಬನೇ ಒಬ್ಬ ಯುವಕನಿದ್ದ. ಅವನು ದಂಪತಿಗಳನ್ನು ಕೂರಿಸಿಕೊಂಡು ವಿವರಿಸಿದ. ರಕ್ತನಾಳಗಳಿಂದ ಸ್ವಲ್ಪ ಸ್ವಲ್ಪವೇ ನೀರು ಮೈಯೊಳಕ್ಕೆ ಜಿನುಗುತ್ತಿರುತ್ತದೆ. ಅದನ್ನು ಬಳಿದು ಮತ್ತೆ ರಕ್ತಕ್ಕೆ ಸೇರಿಸಲು ದುಗ್ಧನಾಳಗಳೆಂಬ ಸಣ್ಣ ಕಾಲುವೆಗಳಿವೆ. ರಕ್ತವನ್ನು ತಳ್ಳಲು ಹೃದಯವಿದೆ. ಈ ಕಾಲುವೆಗಳಿಗೆ ಅಂಥ ಯಜಮಾನನಿಲ್ಲ, ತಾವೇ ಮೆಲ್ಲಗೆ ಮಿಡಿಯುತ್ತ, ಉಸಿರಾಟದ ಮತ್ತು ಮೈಯಲುಗಾಟದ ನೆರವಿನಿಂದ ಸಾಗುತ್ತವೆ. ತೋಳಿನ ಕಾಲುವೆಗಳೆಲ್ಲ ಕೂಡುವ ಜಾಗ ಕಂಕುಳು. ಅಲ್ಲಿನ ಗ್ರಂಥಿಗಳು ಹೋದ ಮೇಲೆ ನೀರಿಗೆ ದಾರಿ ಸಾಲದು. ಕೈಯಿಂದ ಚರ್ಮವನ್ನು ಹಗುರವಾಗಿ ಎಳೆದು ಬಿಟ್ಟು, ಆ ನೀರನ್ನು ಸುತ್ತಿನ ದಾರಿಯಲ್ಲಿ ಸಾಗಿಸಬೇಕು.

ಅಂಟಣ್ಣ ಗೋಡೆಗೆ ಒರಗಿಸಿದ ಕುರ್ಚಿಯಲ್ಲಿ ಕುಳಿತು ನೋಡಿದರು. ಯುವಕ ಎಣ್ಣೆ ಮುಟ್ಟಲಿಲ್ಲ. ತೋಳನ್ನೂ ಮುಟ್ಟಲಿಲ್ಲ. ಕೊರಳ ಬುಡದಲ್ಲಿ ಬೆರಳಿಟ್ಟ.

“ಏನಪ್ಪಾ, ಬಾವು ಇರೋದು ಕೈಲಿ. ನೀನು ಕತ್ತಿನ ಹತ್ರ ಏನು ಹುಡುಕ್ತಿದ್ದೀಯ?”

“ಮುಂದೆ ಜಾಗ ಮಾಡ್ತಿದ್ದೀನಿ ಅಂಕಲ್. ಬಸ್ಸಲ್ಲಿ ಮುಂದಿರೋರು ಸರಿಯದೆ ಹಿಂದಿರೋರನ್ನ ತಳ್ಳಿದ್ರೆ ಏನಾಗುತ್ತೆ?”

ಕೊರಳು, ಆಮೇಲೆ ಎಡಗಡೆಯ ಕಂಕುಳು, ಎದೆಯ ಅಡ್ಡಕ್ಕೆ, ಬಲಪಕ್ಕೆಯಿಂದ ತೊಡೆಯ ಸಂದಿನ ಕಡೆಗೆ, ಕೊನೆಗೆ ತೋಳು. ಅವನು ತೋಳಿಗೆ ಬರುವ ಮೊದಲೇ ದಾರದಕ್ಕ ನಿದ್ದೆಹೋಗಿದ್ದರು. ಬಾಯಿ ತುಸು ತೆರೆದಿತ್ತು.

ಅಂಟಣ್ಣನವರ ಎದೆಗೂಡಿನ ಕೆಳಗೆ ಕಡ್ಡಿ ಗೀರಿದ್ದು ಆಗ. “ನೋಡಿ, ನನ್ನ ಪಕ್ಕದಲ್ಲಿ ಮಲಗಿದ್ರೆ ಇಡೀ ರಾತ್ರಿ ಹೊರಳಾಡೋ ಹೆಂಗಸು ಅದು. ಯಾರೋ ಒಬ್ಬ ಕತ್ತು ಸವರಿದ ತಕ್ಷಣ ಕೂಸಿನ ಹಾಗೆ ಮಲಗಿಬಿಡೋದಾ?” ಎಂದು ನನ್ನೆದುರು ದೂರಿದರು.

“ನಿಮ್ಮ ಪಕ್ಕದಲ್ಲಿ ಯಾರು ಮಲಗ್ತಾರೆ? ಗೊರಕೆನಾ ಅದು? ಗರಗಸ ಹಿಡ್ಕೊಂಡು ರಟ್ಟು ಕೊಯ್ದ ಹಾಗಿರುತ್ತೆ.”

ಚಿಕಿತ್ಸೆ ಫಲ ಕೊಟ್ಟಿತು. ಅದು ಅಂಟಣ್ಣನವರ ಕಷ್ಟವನ್ನು ಹೆಚ್ಚಿಸಿತು. ದಾರದಕ್ಕ ಮನೆಗೆ ಬಂದು, “ಎಂಥಾ ಕೈ ಅಂತೀರಿ, ಬೆಕ್ಕಿನಮರಿ ಮೈಮೇಲೆ ನಡೆದ ಹಾಗೆ” ಎನ್ನುತ್ತಿದ್ದರು. ಅಂಟಣ್ಣ ಅವನಿಗೆ ಬೆಣ್ಣೆಕೈ ಎಂದು ಹೆಸರಿಟ್ಟರು. ಅಂಗಡಿಗೆ ಬಂದವರು ಹೆಂಡತಿಯ ಆರೋಗ್ಯ ವಿಚಾರಿಸಿದರೆ, “ನನ್ನನ್ಯಾಕೆ ಕೇಳ್ತೀರಿ, ಬೆಣ್ಣೆಕೈಯನ್ನ ಕೇಳಿ” ಎಂದು ಅಂಟು ಕಲಸುತ್ತ ಕೂರುತ್ತಿದ್ದರು. ಹಗುರವಾದ ಕೈ ಎಂಬ ತಮ್ಮ ಒಂದೇ ಹೆಮ್ಮೆಯನ್ನು, ಅದೂ ಸ್ವಂತ ಹೆಂಡತಿಯ ಬಾಯಿಂದಲೇ, ಇನ್ನೊಬ್ಬ ಕಿತ್ತುಕೊಂಡಿದ್ದಾನೆ ಎಂಬುದು ಅವರ ದೂರು. ಆ ತೋಳು ತಮ್ಮ ಕೈಯಲ್ಲಿ ಗುಣವಾಗಬೇಕು. ಅಂದಿನಿಂದ ಅವರಿಗೆ ಬೇಕಾಗಿದ್ದದ್ದು ಅದೊಂದೇ.

ಯುವಕ ರಜೆಯ ಮೇಲೆ ಹೋದ. ಅಂಟಣ್ಣ ಅವಕಾಶವನ್ನು ಬಿಡಲಿಲ್ಲ. ಒಂದು ಮಧ್ಯಾಹ್ನ ಮೇಜಿನ ಮೇಲಿದ್ದ ರಟ್ಟುಗಳನ್ನು ಬದಿಗೆ ಸರಿಸಿ, ಮೆತ್ತನೆಯ ಬಟ್ಟೆ ಹಾಸಿ, “ಇಡು ಇಲ್ಲಿ ಕೈ” ಎಂದರು. ದಾರದಕ್ಕ ಅನುಮಾನಿಸುತ್ತಲೇ ಇಟ್ಟರು. ಸ್ಪರ್ಶ ನಿಜಕ್ಕೂ ಹಗುರವಾಗಿತ್ತು. “ಪರವಾಗಿಲ್ವೇ, ನಿಮ್ಮ ಕೈನೂ ಮೆತ್ತಗಿದೆ” ಎಂದೂ ಹೇಳಿದರಂತೆ. ಆ ಮಾತಿಗೆ ಅಂಟಣ್ಣ ಉಬ್ಬಿಹೋಗಿ ಸಂಜೆ ಮತ್ತೊಮ್ಮೆ ಮಾಡಿದರು.

ಬೆಳಿಗ್ಗೆ ಏಳುವಾಗ ಮುಂಗೈ ಕಾಯಿಸಿದ ಹಾಲಿನಂತೆ ಉಕ್ಕಿತ್ತು. ಬೆರಳ ಗೆಣ್ಣುಗಳು ಕಾಣದಾಗಿದ್ದವು, ಬೆರಳುಗಳನ್ನು ಮಡಿಸಲು ಬರುತ್ತಿರಲಿಲ್ಲ.

ರಜೆಯಿಂದ ಬಂದ ಯುವಕ ಕೈಯನ್ನು ತಿರುಗಿಸಿ ನೋಡಿದ. “ಯಾರು ಮಾಡಿದ್ದು?”

ದಾರದಕ್ಕ ಗೋಡೆಯ ಬಳಿಯ ಕುರ್ಚಿಯ ಕಡೆ ನೋಡಿದರು.

“ಯಾವ ಕಡೆಗೆ ತಳ್ಳಿದ್ರಿ ಅಂಕಲ್?”

“ಅಂಚಿಗೆ.”

“ಯಾವ ಅಂಚು?”

“ಹತ್ತಿರ ಇರೋದು.” ಅಂಟಣ್ಣ ತಮ್ಮ ಮೊಣಕೈಯಿಂದ ಬೆರಳ ತುದಿಯವರೆಗೆ ಅಂಗೈ ಜಾರಿಸಿ ತೋರಿಸಿದರು.

ಯುವಕ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು ಎನ್ನುತ್ತಾರೆ ಅಂಟಣ್ಣ. “ಅಂಕಲ್, ಪುಸ್ತಕದ ಗಾಳಿ ಅಂಚಿಂದ ಆಚೆ ಹೋಗುತ್ತೆ. ಬೆರಳ ತುದೀಲಿ ಬಾಗಿಲೆಲ್ಲಿದೆ? ಇದು ಮೇಲಕ್ಕೆ, ಮೈ ಕಡೆಗೆ ಹೋಗ್ಬೇಕು.”

ಮನೆಗೆ ಬರುವ ದಾರಿಯುದ್ದಕ್ಕೂ ದಾರದಕ್ಕ ಆಡಿದ್ದು ಒಂದೇ ಮಾತು: “ಇನ್ನು ಮೇಲೆ ನನ್ನ ಕೈ ಮುಟ್ಟಬೇಡಿ.”

“ಇರಲಾರದೆ ಇರುವೆ ಬಿಟ್ಕೊಂಡೆ,” ಎಂದರು ಅಂಟಣ್ಣ, ನನಗೆ ಇದನ್ನು ಹೇಳುವಾಗ. ಪಶ್ಚಾತ್ತಾಪಕ್ಕಿಂತ ಸಿಟ್ಟೇ ಹೆಚ್ಚಾಗಿತ್ತು. “ಆದ್ರೆ ಕೈ ಹಗುರ ಇತ್ತಾ ಇಲ್ವಾ? ಅದನ್ನ ಹೇಳಲಿ.”

“ಹಗುರವಾಗಿ ಬಾವಿಗೆ ನೂಕಿದ್ರಿ. ಅದಕ್ಕೊಂದು ಬಹುಮಾನ ಬೇಕಾ?”

ಕೈ ಮತ್ತೆ ಹದಕ್ಕೆ ಬಂದಾಗ ಯುವಕ ಹೇಳಿದ: ಇನ್ನು ಆಸ್ಪತ್ರೆಗೆ ಅಪರೂಪಕ್ಕೆ ಬಂದರೆ ಸಾಕು, ಆದರೆ ಮನೆಯಲ್ಲಿ ನಿತ್ಯ ಮಾಡಬೇಕು, ಯಾರಾದರೂ ಕಲಿತುಕೊಳ್ಳಿ. ಅಂಟಣ್ಣ ಅಂಗಿಯ ತೋಳು ಮಡಿಸಿಕೊಂಡು ಎದ್ದು ನಿಂತರು. ದಾರದಕ್ಕ ಅವರ ಕಡೆ ತಿರುಗದೆ, “ನಾನೇ ಕಲೀತೀನಪ್ಪ. ಎಡಗೈ ಚೆನ್ನಾಗೇ ಇದೆಯಲ್ಲ” ಎಂದರು.

ಕಲಿತೂಬಿಟ್ಟರು. ಕಿಟಕಿಯ ಬೆಳಕಿನಲ್ಲಿ ಕಣ್ಣು ಅರೆಮುಚ್ಚಿ, ಎಡಗೈಯಿಂದ ಕೊರಳ ಬುಡವನ್ನೂ ತೋಳನ್ನೂ ತಡವಿಕೊಳ್ಳುತ್ತ ಕೂರುವ ಹೆಂಡತಿಯನ್ನು ಒಳಗಿನ ಮೇಜಿನಿಂದ ನೋಡುವುದು ಅಂಟಣ್ಣನವರ ಪಾಲಿಗೆ ಬಂತು.

“ನಗಬೇಡಿ. ಬೆಣ್ಣೆಕೈ ಮೇಲೆ ಉರಿಯೋದರಲ್ಲಿ ಒಂದು ಅರ್ಥ ಇತ್ತು. ನಾನು ಅವಳ ಎಡಗೈ ಮೇಲೆ ಉರೀತಿದ್ದೆ. ಅವಳದೇ ಕೈ ಮೇಲೆ! ‘ಇದಕ್ಕಿರೋ ಯೋಗ್ಯತೆ ನನಗಿಲ್ವಾ’ ಅಂತ.” ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಎಂಬಂತೆ, ಅಂಥದೊಂದು ದಿನ ಅವರು ಪ್ರೆಸ್ಸಿನ ಚಕ್ರವನ್ನು ತಿರುಗಿಸಿದ ರಭಸಕ್ಕೆ ದಪ್ಪನೆಯ ನಿಘಂಟೊಂದರ ಬೆನ್ನು ಬಿರುಕುಬಿಟ್ಟಿತು. ದಾರದಕ್ಕ ಕಣ್ಣು ತೆರೆಯದೆ, “ಯಾರ ಕುತ್ತಿಗೆ ಅಂದ್ಕೊಂಡು ತಿರುಗಿಸಿದ್ರಿ?” ಎಂದು ಕೇಳಿದರಂತೆ.

ತೋಳು ಇಳಿಯಿತು, ಸೂಜಿ ಮತ್ತೆ ಕೈಯಲ್ಲಿ ನಿಂತಿತು. ಆದರೆ ಭುಜದ ಹಿಂಭಾಗದಲ್ಲಿ ಒಂದು ಊತ ಹಟ ಹಿಡಿದು ಉಳಿದುಕೊಂಡಿತು. ಅಲ್ಲಿನ ನೀರು ಬೆನ್ನನ್ನು ಅಡ್ಡ ಹಾಯ್ದು, ಆರೋಗ್ಯವಾಗಿರುವ ಎಡಗಂಕುಳಿಗೆ ಹೋಗಬೇಕಿತ್ತು.

“ಬೆನ್ನಿಗೆ ನಿಮ್ಮ ಕೈ ಎಟುಕಲ್ಲಮ್ಮಾ. ಇನ್ನೊಬ್ಬರು ಬೇಕೇ ಬೇಕು,” ಎಂದ ಯುವಕ.

ಜೀವನದಲ್ಲಿ ಮೊದಲ ಬಾರಿಗೆ ತಾವು ಬಾಯಿ ಮುಚ್ಚಿಕೊಂಡಿದ್ದು ಆಗ ಎಂದು ಅಂಟಣ್ಣ ಹೇಳುತ್ತಾರೆ. ದಾರದಕ್ಕನಿಗೆ ಅದೇ ಊರಿನಲ್ಲಿ ತಂಗಿಯಿದ್ದಳು, ಕರೆದರೆ ಬರುವವಳು. ಆದರೂ ಅವರು ಗಂಡನ ಕಡೆ ಕೈ ತೋರಿಸಿ, “ಇವರಿಗೇ ಹೇಳಿಕೊಡಿ. ದಿಕ್ಕು ಮಾತ್ರ ತಲೆಗೆ ಸರಿಯಾಗಿ ತುಂಬಿ” ಎಂದರು.

ತಂಗಿಯನ್ನು ಏಕೆ ಬಿಟ್ಟಿರಿ ಎಂದು ನಾನು ಕೇಳಿದ್ದಕ್ಕೆ ದಾರದಕ್ಕ ಕೊಟ್ಟ ಉತ್ತರ ಇದು: “ಅವಳು ಮಾಡಿದ್ರೆ ಇವರು ಅವಳ ಮೇಲೂ ಉರೀತಿದ್ರು. ನಾದಿನಿ ಬಾಗಿಲಿಗೆ ಬಂದಾಗಲೆಲ್ಲ ಮುಖ ಊದಿಸ್ಕೊಂಡ್ರೆ ಆ ಊತಕ್ಕೆ ಎಲ್ಲಿ ಔಷಧಿ ಹುಡುಕೋದು?”

ಯುವಕ ಅಂಟಣ್ಣನವರ ಕೈಯ ಮೇಲೆ ತನ್ನ ಕೈಯಿಟ್ಟು ಬೆನ್ನಿನ ಮೇಲೆ ನಡೆಸಿದ. ಮೊದಲು ಎಡಗಂಕುಳು, ಆಮೇಲೆ ಬೆನ್ನಿನ ಎಡಭಾಗ, ಬೆನ್ನುಮೂಳೆಯ ನಡುಗೆರೆ, ಕೊನೆಗೆ ಬಲಭುಜ. ಜಾಗ ಯಾವುದಾದರೂ ಎಳೆತ ಮಾತ್ರ ಸದಾ ಎಡಕ್ಕೆ. ಆ ಸ್ಪರ್ಶದ ಬಗ್ಗೆ ಅಂಟಣ್ಣ ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ: “ಸುಳ್ಳು ಯಾಕೆ ಹೇಳಲಿ, ಅವನ ಕೈ ನನ್ನ ಕೈಗಿಂತ ಹಗುರ. ಚರ್ಮ ಮಾತ್ರ ಸರಿಯುತ್ತೆ, ಕೆಳಗಿರೋದಕ್ಕೆ ಗೊತ್ತೇ ಆಗಲ್ಲ. ತಿಳಿದ ಮೇಲಾದ್ರೂ ಉರಿ ಆರಬೇಕಿತ್ತು. ಇನ್ನೂ ಜಾಸ್ತಿ ಆಯ್ತು.”

ಈಗ ಮಧ್ಯಾಹ್ನ ಅಂಗಡಿಯ ಬಾಗಿಲನ್ನು ಅರ್ಧ ಎಳೆದು, ದಾರದಕ್ಕ ಕುರ್ಚಿಯಲ್ಲಿ ಹಿಂದುಮುಂದಾಗಿ ಕುಳಿತು ಅದರ ಬೆನ್ನಿನ ಮೇಲೆ ತಲೆಯಿಡುತ್ತಾರೆ. ಅಂಟಣ್ಣ ಕೈಯ ಅಂಟನ್ನು ತಿಕ್ಕಿ ತೊಳೆದು ಬರುತ್ತಾರೆ. ಊತ ನಿಧಾನವಾಗಿ ಇಳಿಯುತ್ತಿದೆ. ಮೊದಮೊದಲು ಅವರು ಕೈಯಾಡಿಸುತ್ತ ಮತ್ತೆ ಮತ್ತೆ, “ನಿದ್ದೆ ಬಂತಾ?” ಎಂದು ಕೇಳುತ್ತಿದ್ದರಂತೆ. “ನೀವು ಕೇಳ್ತಾನೇ ಇದ್ರೆ ಬಂದಿದ್ದೂ ಓಡಿಹೋಗುತ್ತೆ” ಎಂದು ದಾರದಕ್ಕ ಗದರಿಸುತ್ತಿದ್ದರಂತೆ. ಆಮೇಲೆ ದಾರದಕ್ಕ ಕುಳಿತ ಸ್ವಲ್ಪ ಹೊತ್ತಿಗೇ ಉದ್ದುದ್ದ ಉಸಿರು ಬಿಡತೊಡಗಿದರು, ಪ್ರಶ್ನೆ ನಿಂತಿತು.

ನನ್ನ ಕೊನೆಯ ಭೇಟಿಯಲ್ಲಿ ಅದನ್ನು ಕಣ್ಣಾರೆ ಕಂಡೆ. ದಾರದಕ್ಕನ ತಲೆ ವಾಲಿತ್ತು, ಉಸಿರು ಸಮನಾಗಿತ್ತು. ಅಂಟಣ್ಣ ದನಿ ತಗ್ಗಿಸಿ ಹೇಳಿದರು:

“ಮಲಗಿಲ್ಲ ಅವಳು. ನನಗೆ ಗೊತ್ತಾಗಲ್ವಾ? ನಿಜವಾಗಿ ಮಲಗಿದ್ರೆ ಬಾಯಿ ತೆರೆದಿರುತ್ತೆ.”

ಗೊತ್ತಿದ್ದೂ ಸುಮ್ಮನಿದ್ದೀರಾ ಎಂದು ಕೇಳಿದೆ.

“ಮತ್ತೇನು? ಅವನ ಕೈಲಿ ನಿದ್ದೆ ತಾನಾಗೇ ಬಂತು, ಮಲಗಿದಳು. ಅದರಲ್ಲಿ ಇವಳ ಖರ್ಚೇನಿದೆ? ನನಗೋಸ್ಕರ ದಿನಾ ಕಣ್ಣು ಮುಚ್ಕೊಂಡು, ಉಸಿರು ಎಳ್ಕೊಂಡು, ಇಷ್ಟು ಹೊತ್ತು ನಾಟಕ ಆಡ್ತಾಳೆ. ಆ ಬೆಣ್ಣೆಕೈಗೋಸ್ಕರ ಒಂದು ದಿನಾನಾದ್ರೂ ಆಡಿದ್ದಾಳಾ? ನೀವೇ ಹೋಗಿ ಅವನನ್ನ ಕೇಳಿ, ಹೊಟ್ಟೆ ಉರ್ಕೊಳ್ಳಲಿ!”

ಮಾತಿನ ಭರದಲ್ಲಿ ಅವರ ಅಂಗೈ ಬಲಕ್ಕೆ ಜಾರಿತು.

“ಎಡಕ್ಕೆ, ರೀ,” ಎಂದರು ದಾರದಕ್ಕ, ಕಣ್ಣು ತೆರೆಯದೆ. “ಎಡಕ್ಕೆ.”